ನಾಲ್ಕನೇ ಕಂತಿನವರೆಗೆ

ಹೊಸ ಪುಸ್ತಕದ ಬೆನ್ನಿಗೆ ಚಾಕು ಹಾಕುವುದನ್ನು ಕಂಡರೆ ಕೆಲವರಿಗೆ ಜೀವವೇ ಹೋದಂತಾಗುತ್ತದೆ. ಗೋಂದಕ್ಕನಿಗೆ ಆ ಮಡಿವಂತಿಕೆ ಇಲ್ಲ. ಹೊಚ್ಚಹೊಸ ಕಾದಂಬರಿಯನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ರಟ್ಟು ಬಿಡಿಸಿ, ಅಂಟು ಹಿಡಿದ ಬೆನ್ನನ್ನು ಸೀಳಿ, ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ಬಣ್ಣದ ಕಾಗದ ಹೊದಿಸಿ, ಮೇಲೆ ಅಂಕಿ ಬರೆದಿಟ್ಟರೆ ಅವಳ ಕೆಲಸ ಮುಗಿಯಿತು. ಆ ತುಂಡಿಗೆ ಅವರ ಗುಂಪಿನಲ್ಲಿ ಕಂತು ಎಂದು ಹೆಸರು.

ಗುಂಪು ಎಂದರೆ ದೊಡ್ಡ ದಂಡೇನಲ್ಲ. ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ ಇಟ್ಟುಕೊಂಡ ಗೋಂದಕ್ಕ, ಔಷಧಿ ಅಂಗಡಿಯಲ್ಲಿ ಕ್ಯಾಷ್ ನೋಡಿಕೊಳ್ಳುವ ಅವಳ ಸ್ವಂತ ತಂಗಿ, ಮಹಡಿಯ ಮೇಲಿನ ಹಲ್ಲಿನ ಡಾಕ್ಟರು, ಪಕ್ಕದ ಮಳಿಗೆಯ ಟೈಲರಣ್ಣ. ಪ್ರತಿವರ್ಷ ದೊಡ್ಡದೊಂದು ಕಾದಂಬರಿ ಪ್ರಶಸ್ತಿಯ ಅಂತಿಮ ಸುತ್ತಿಗೆ ಐದು ಪುಸ್ತಕಗಳು ಬಂದವೆಂದು ಪೇಪರಿನಲ್ಲಿ ನೋಡಿದ ಕೂಡಲೇ ನಾಲ್ವರೂ ದುಡ್ಡು ಹಾಕಿ ಒಂದೊಂದು ಪುಸ್ತಕದ ಒಂದೊಂದು ಪ್ರತಿ ತರಿಸುತ್ತಿದ್ದರು. ಪ್ರತಿ ಒಂದೇ, ಓದುವ ಬಾಯಿ ನಾಲ್ಕು. ಒಬ್ಬರು ಮುಗಿಸುವವರೆಗೆ ಉಳಿದವರು ಕೈಕಟ್ಟಿ ಕೂರುವ ಜಾಯಮಾನದವರಲ್ಲ. ಅದಕ್ಕೇ ಈ ಕಂತಿನ ಏರ್ಪಾಡು. ಒಂದನೇ ಕಂತು ಓದಿದವರು ಅದನ್ನು ಮುಂದಿನವರಿಗೆ ದಾಟಿಸಿ ಎರಡನೆಯದನ್ನು ಎತ್ತಿಕೊಳ್ಳಬೇಕು. ಎಲ್ಲ ಮುಗಿದ ಮೇಲೆ ಗೋಂದಕ್ಕ ಅವನ್ನು ಮತ್ತೆ ಸೇರಿಸಿ ದಾರದಲ್ಲಿ ಹೊಲಿದು ಗಟ್ಟಿ ರಟ್ಟು ಹಾಕುತ್ತಿದ್ದಳು. ಅಂಗಡಿಯಿಂದ ಬಂದಾಗ ಇದ್ದದ್ದಕ್ಕಿಂತ ಪುಸ್ತಕ ಭದ್ರವಾಗಿರುತ್ತಿತ್ತು ಎಂದು ಡಾಕ್ಟರು ಕೂಡ ಒಪ್ಪುತ್ತಿದ್ದರು, ಅವರು ಸುಲಭಕ್ಕೆ ಏನನ್ನೂ ಒಪ್ಪುವವರಲ್ಲ.

ರಟ್ಟು ಹೋದ ಪುಸ್ತಕಕ್ಕೆ ಹೆಸರೂ ಹೋಗಿಬಿಡುತ್ತಿತ್ತು. ಹೊದಿಸಿದ ಕಾಗದದ ಬಣ್ಣವೇ ಅದರ ಹೆಸರು. ನೀಲಿ ಪುಸ್ತಕ ಹೇಗಿದೆ, ಹಳದಿ ಮುಗೀತಾ, ಆ ಕೆಂಪು ನನಗೆ ಬೇಡಪ್ಪ, ಅದರಲ್ಲಿ ಎಲ್ಲರೂ ಯೋಚನೆ ಮಾಡ್ತಾ ಕೂರ್ತಾರೆ, ಒಬ್ಬರೂ ಎದ್ದು ಲೈಟ್ ಹಾಕಲ್ಲ. ಹೀಗೆ ಅವರ ಚರ್ಚೆ. ಗುಂಪಿಗೆ ಕಾನೂನು ಒಂದೇ, ಅದನ್ನು ಮಾಡಿದವರು ಡಾಕ್ಟರು: ಪೂರ್ತಿ ಓದದವರಿಗೆ ಮಾತಿಲ್ಲ.

ಆ ಸಲ ಹಸಿರು ಪುಸ್ತಕ ನಾಲ್ವರನ್ನೂ ಹಿಡಿದು ಕೂರಿಸಿತು. ಅದರಲ್ಲೊಬ್ಬಳು ಹೆಂಗಸು. ಗಂಡನ ಮನೆ ಬಿಟ್ಟುಬಂದು, ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಕೊಂಡು, ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಇರುತ್ತಾಳೆ. ನಾಲ್ಕನೇ ಕಂತಿನ ಕೊನೆಯಲ್ಲಿ ಗಂಡ ಸೂಟ್‌ಕೇಸ್ ಹಿಡಿದು ಬಂದು ಕೆಳಗೆ ಮಳೆಯಲ್ಲಿ ನಿಂತು ಕೂಗುತ್ತಾನೆ. ಅವಳು ಕಿಟಕಿಯಿಂದ ನೋಡುತ್ತಾಳೆ. ಕಿಟಕಿ ಮುಚ್ಚುತ್ತಾಳೆ. ಬಾಗಿಲಿಗೆ ಚಿಲಕ ಹಾಕಿ ತಟ್ಟೆ ಇಟ್ಟುಕೊಂಡು ಊಟಕ್ಕೆ ಕೂರುತ್ತಾಳೆ. ಅದಾದ ಮೇಲೆ ಅರ್ಧ ಪುಟ ಬರೀ ಬಿಳಿ.

"ಕೊನೆ ಅಂದ್ರೆ ಇದು," ಎಂದರು ಡಾಕ್ಟರು, ಗೋಂದಕ್ಕನ ಅಂಗಡಿಯ ಸ್ಟೂಲಿನ ಮೇಲೆ ಕೂತು. "ಹಲ್ಲು ಕಿತ್ತಾದ ಮೇಲೆ ಮತ್ತೆ ಕೆದಕಬಾರದು. ಇವನು ಕೆದಕಿಲ್ಲ. ಆದ್ರೂ ನನ್ನ ಓಟು ನೀಲಿಗೇ."

"ಯಾಕೆ ಡಾಕ್ಟ್ರೇ?" ಎಂದಳು ಗೋಂದಕ್ಕ.

"ಎಲ್ಲರೂ ಒಂದನ್ನೇ ಹೊಗಳಿದ್ರೆ ನನಗೆ ನಿದ್ದೆ ಬರಲ್ಲ."

ಟೈಲರಣ್ಣ ಕತ್ತಿನಲ್ಲಿ ನೇತಾಡುವ ಅಳತೆ ಟೇಪನ್ನು ಸವರುತ್ತ ತನ್ನ ತೀರ್ಪು ಕೊಟ್ಟ. "ಕಾಲರ್ ಇಸ್ತ್ರಿ ಮಾಡೋದನ್ನ ಸರಿಯಾಗಿ ಬರೆದಿದ್ದಾನೆ. ಕಾಲರ್ ಸರಿ ಬರೆದವನು ಮಿಕ್ಕಿದ್ದೂ ಸರಿಯಾಗೇ ಬರೆದಿರ್ತಾನೆ."

ತಂಗಿ ಮಾತ್ರ ಮುಖ ಊದಿಸಿಕೊಂಡು ಕೂತಿದ್ದಳು. "ಪುಸ್ತಕ ಚೆನ್ನಾಗಿದೆ. ಕೊನೆ ಚೆನ್ನಾಗಿಲ್ಲ. ಪಾಪ, ಆ ಗಂಡ ಕೆಳಗೆ ನಿಂತೇ ಇದ್ದಾನೆ. ಮಳೆ ಬೇರೆ."

"ನಿಲ್ಲಲಿ," ಎಂದಳು ಗೋಂದಕ್ಕ.

ಆ ಒಂದು ಮಾತು ಸಾಕಾಯಿತು, ತಂಗಿಗೆ ಅರ್ಥವಾಯಿತು. ಮಿಕ್ಕ ಇಬ್ಬರಿಗೂ ಅರ್ಥವಾಯಿತು, ಆದರೆ ಅವರು ದೊಡ್ಡ ಮನುಷ್ಯರಂತೆ ಬೇರೆ ಕಡೆ ನೋಡಿದರು.

ಗೋಂದಕ್ಕನಿಗೂ ಒಬ್ಬ ಗಂಡನಿದ್ದ. ಹೊಡೆಯುವವನಲ್ಲ, ಕುಡಿಯುವವನಲ್ಲ. ಊರೆಲ್ಲ ಒಳ್ಳೆಯವನೆಂದು ಕರೆಯುವ ಮನುಷ್ಯ. ಅವನದು ಒಂದೇ ಚಾಳಿ. ಅವಳು ಬಾಯಿ ತೆರೆದರೆ ಸಾಕು, ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಅವನು ಕೈ ಎತ್ತಿ, "ಅವಳು ಹೇಳೋದು ಏನಂದ್ರೆ" ಎಂದು ಶುರು ಮಾಡಿ ತಾನೇ ಮುಗಿಸಿಬಿಡುತ್ತಿದ್ದ. ತರಕಾರಿ ಅಂಗಡಿಯಲ್ಲಿ ಹಾಗೆ, ನೆಂಟರ ಮುಂದೆ ಹಾಗೆ. ಆಸ್ಪತ್ರೆಯಲ್ಲಿ ಅಲ್ಲಿನ ಡಾಕ್ಟರು, ಎಲ್ಲಿ ನೋವಮ್ಮಾ ಎಂದು ಕೇಳಿದರೆ ಅದಕ್ಕೂ ಅವನೇ ಉತ್ತರ ಕೊಡುತ್ತಿದ್ದ. ಅವಳ ಹೊಟ್ಟೆನೋವು ಅವಳಿಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು. ಇದನ್ನು ಯಾರ ಹತ್ತಿರ ದೂರುವುದು? ಗಂಡ ನನ್ನ ಮಾತು ಮುಗಿಸುತ್ತಾನೆ ಎಂದರೆ ಜನ ನಗುತ್ತಾರೆ. ಅವಳು ಮಾತಾಡುವುದನ್ನೇ ಕಡಿಮೆ ಮಾಡಿ ಓದಲು ಶುರು ಮಾಡಿದಳು. ಅಲ್ಲಾದರೂ ಒಂದು ವಾಕ್ಯ ಕೊನೆಯವರೆಗೆ ಹೋಗುತ್ತಿತ್ತು.

ತಂಗಿಯ ಹೆರಿಗೆಗೆಂದು ಅವಳು ಹೋಗಿ ಕೆಲವು ವಾರ ಇದ್ದು ಬರುವಷ್ಟರಲ್ಲಿ ಮನೆಯ ಪುಸ್ತಕಗಳೆಲ್ಲ ಗುಜರಿಯವನ ಗಾಡಿ ಸೇರಿದ್ದವು. "ನಿನಗೆ ಧೂಳು ಆಗಲ್ಲ ಅಂತಿದ್ಯಲ್ಲ, ಮನೆ ಸ್ವಚ್ಛ ಮಾಡಿಸಿದೆ," ಎಂದ. ಅವಳು ಯಾವತ್ತೂ ಹಾಗೆ ಅಂದಿರಲಿಲ್ಲ. ಅದನ್ನೂ ಅವನೇ ಅವಳ ಪರವಾಗಿ ಅಂದುಕೊಂಡಿದ್ದ. ಅವತ್ತು ಅವಳು ಬಟ್ಟೆ ತುಂಬಿಕೊಂಡು ಹೊರಬಿದ್ದವಳು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ.

ಈಗ ಅವನಿಗೆ ಕೆಲಸದಿಂದ ನಿವೃತ್ತಿ ಆಗಿತ್ತು. ರಕ್ತದೊತ್ತಡದ ಮಾತ್ರೆಗೆಂದು ತಂಗಿಯ ಔಷಧಿ ಅಂಗಡಿಗೇ ಬಂದು, ಚಿಲ್ಲರೆ ತೆಗೆದುಕೊಂಡ ಮೇಲೂ ಕೌಂಟರಿನ ಮುಂದೆ ನಿಂತಿರುತ್ತಿದ್ದ. ನಿನ್ನ ಅಕ್ಕ ಹೇಗಿದ್ದಾಳೆ ಎಂದು ಮೊದಲು, ವಾಪಸು ಬರ್ತಾಳಾ ಅಂತ ಅವಳನ್ನೊಂದು ಮಾತು ಕೇಳು ಎಂದು ಆಮೇಲೆ. ತಂಗಿ ಮೇಣದಂಥ ಮನಸ್ಸಿನವಳು, ಕರಗಿಹೋದಳು. ವಾರಗಟ್ಟಲೆ ಅಕ್ಕನ ತಲೆ ತಿಂದಳು. ಭಾವ ಬದಲಾಗಿದ್ದಾರೆ, ಈಗ ಮೊದಲಿನ ಹಾಗಿಲ್ಲ, ನಿನಗೂ ವಯಸ್ಸಾಗ್ತಿದೆ, ಜ್ವರ ಬಂದ್ರೆ ನೀರು ಕೊಡೋರು ಯಾರು. ಗೋಂದಕ್ಕ ಒಂದು ದಿನ ಆಗಲಿ ಎನ್ನುವ ಅಂಚಿಗೆ ಬಂದುಬಿಟ್ಟಿದ್ದಳು ಎನ್ನುವುದೂ ನಿಜ. ಒಬ್ಬಳೇ ಇರುವುದು ಅವಳಿಗೂ ಹಬ್ಬವಾಗಿರಲಿಲ್ಲ. ಹಸಿರು ಪುಸ್ತಕ ಕೈಗೆ ಬಂದದ್ದು ಅದೇ ಹೊತ್ತಿನಲ್ಲಿ. ಆ ಚಿಲಕದ ಸದ್ದು ಅವಳ ಎದೆಯೊಳಗೇ ಕೇಳಿಸಿತ್ತು. ಪುಸ್ತಕ ಮಡಚಿಟ್ಟು, ತಂಗಿಗೆ ಫೋನ್ ಮಾಡಿ, "ಬರೋದಿಲ್ಲ ಅಂತ ಹೇಳಿಬಿಡು," ಎಂದಿದ್ದಳು.

"ಒಂದು ಕಾದಂಬರಿ ಓದಿ ಯಾರಾದ್ರೂ ಸಂಸಾರದ ತೀರ್ಮಾನ ಮಾಡ್ತಾರೇನೇ?" ತಂಗಿ ಉರಿದುಬಿದ್ದಿದ್ದಳು.

"ಮಿಕ್ಕವರು ಅಷ್ಟೂ ಓದದೇ ಮಾಡ್ತಾರೆ," ಎಂದಿದ್ದಳು ಅಕ್ಕ.

ಹೀಗಿರುವಾಗ ಒಂದು ಬೆಳಿಗ್ಗೆ ಒಳಚರಂಡಿ ಮೇಡಂ ಅಂಗಡಿಗೆ ನುಗ್ಗಿದರು. ಪಟ್ಟಣಗಳ ಚರಂಡಿ ವ್ಯವಸ್ಥೆಯ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದ ಅವರಿಗೆ ಅಂಗಡಿಯಲ್ಲಿ ಅದೇ ಹೆಸರು. ಅವರ ದಪ್ಪ ಪ್ರಬಂಧವನ್ನು ಗೋಂದಕ್ಕನೇ ಕಟ್ಟಿಕೊಟ್ಟಿದ್ದಳು. ಹಿಂದಿನ ರಟ್ಟಿಗೆ ನಕ್ಷೆಗಳನ್ನು ಮಡಚಿಡಲು ಒಂದು ಜೇಬನ್ನೂ ಅಂಟಿಸಿದ್ದಳು.

"ಏನ್ರೀ ಇದು? ನಮ್ಮ ಗೈಡು ನಕ್ಷೆ ತೆಗೆಯೋಣ ಅಂತ ಕೈ ಹಾಕಿದ್ರೆ ಒಳಗಿಂದ ಯಾರೋ ಹೆಂಗಸು ಮೆಟ್ಟಿಲಿಳಿದು ಬರ್ತಾಳೆ!"

ಮೇಡಂ ಮೇಜಿನ ಮೇಲೆ ಕುಕ್ಕಿದ್ದು ಒಂದು ತೆಳ್ಳನೆಯ ಕಾಗದದ ಕಟ್ಟು. ಬೆನ್ನು ಸೀಳಿದ್ದು, ಬಣ್ಣದ ಕಾಗದ ಹೊದಿಸಿರಲಿಲ್ಲ. ಗೋಂದಕ್ಕ ಅದನ್ನು ಎತ್ತಿ ಬೆನ್ನಿನ ಮೇಲೆ ಬೆರಳಾಡಿಸಿದಳು. ತನ್ನ ಚಾಕು ಹಾಕಿದ ಗುರುತು ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಹಸಿರು ಪುಸ್ತಕ ಮಿಕ್ಕವುಗಳಿಗಿಂತ ದಪ್ಪ. ಅದನ್ನು ಅವಳು ಐದು ಮಾಡಿದ್ದಳು. ಪ್ರಬಂಧಗಳ ಕಾಲ, ಮೇಜಿನ ಮೇಲೆ ಕಾಗದದ ಗುಡ್ಡ, ಅದರ ನಡುವೆ ನೀನು ವಾಪಸು ಬರ್ತೀಯಾ ಅಂತ ಭಾವ ಕೇಳ್ತಿದ್ದಾರೆ ಎಂದು ತಂಗಿಯ ಫೋನು. ಕೈ ತನ್ನ ಪಾಡಿಗೆ ಕೆಲಸ ಮಾಡಿತ್ತು, ತಲೆ ಎಲ್ಲೋ ಇತ್ತು. ನಾಲ್ಕಕ್ಕೆ ಹಸಿರು ಕಾಗದ ಹೊದಿಸಿ, ಐದನೆಯದನ್ನು ನಕ್ಷೆಗಳ ಜೊತೆ ಚರಂಡಿಯ ಜೇಬಿಗೆ ತುರುಕಿಬಿಟ್ಟಿದ್ದಳು.

ಮೇಡಂಗೆ ಹತ್ತು ಸಲ ತಪ್ಪಾಯಿತು ಎಂದು ಕಳಿಸಿಕೊಟ್ಟು, ಗೋಂದಕ್ಕ ಮೆಷಿನ್ನಿಗೆ ಒರಗಿ ನಿಂತು ಐದನೇ ಕಂತನ್ನು ಓದಿದಳು. ಹೆಂಗಸು ಊಟಕ್ಕೆ ಕೂತವಳು ಒಂದು ತುತ್ತೂ ನುಂಗಲಾರದೆ ಏಳುತ್ತಾಳೆ. ಚಿಲಕ ತೆಗೆಯುತ್ತಾಳೆ. ಮೆಟ್ಟಿಲಿಳಿದು ಹೋಗಿ ಅವನ ಕೈಯ ಸೂಟ್‌ಕೇಸ್ ತಗೊಳ್ಳುತ್ತಾಳೆ. ತಪ್ಪು ನನ್ನದೂ ಇತ್ತು ಎನ್ನುತ್ತಾಳೆ. ಕೊನೆಯ ಪುಟದಲ್ಲಿ ಮೇಜಿನ ಮೇಲೆ ಎರಡು ತಟ್ಟೆ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಭಯ. ಹಾಗಾದರೆ ತಾನು ಬರುವುದಿಲ್ಲ ಎಂದದ್ದು ಪುಸ್ತಕ ಪೂರ್ತಿ ಓದದೆ ಆಡಿದ ಮಾತೇ? ಕೆಚ್ಚೆಂದು ತಿಳಿದದ್ದು ಬರೀ ಕಾಗದ ಕಳೆದುಹೋದ ಕಥೆಯೇ? ಇಡೀ ದಿನ ಅವಳ ಕಟಿಂಗ್ ಸೊಟ್ಟ ಬಂತು.

ವಿಷಯ ಮುಚ್ಚಿಡುವ ಸ್ವಭಾವ ಅವಳದಲ್ಲ. ಸಂಜೆ ಮೂವರನ್ನೂ ಕರೆದು ಹೇಳಿದಳು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಮುಗಿದ ಮೇಲೆ ಕಾನೂನು ನೆನಪಿಸಿದರು. ಎಲ್ಲರೂ ಐದನೇ ಕಂತು ಓದಬೇಕು, ಓಟು ಮತ್ತೆ ಆಗಬೇಕು. ಸರಿ, ಅದೂ ಕೈಯಿಂದ ಕೈಗೆ ದಾಟಿತು. ಟೈಲರಣ್ಣ ಓದಿ ವಾಪಸು ಕೊಡುತ್ತ, "ಹೊಲಿಗೆಯೇನೋ ನೀಟಾಗಿದೆ. ಅಳತೆ ಮಾತ್ರ ಬೇರೆ ಯಾರದ್ದೋ," ಎಂದ. ಡಾಕ್ಟರು, "ಕೆದಕಿಬಿಟ್ಟ," ಎಂದಷ್ಟೇ ಹೇಳಿ ಮಹಡಿ ಹತ್ತಿದರು.

ತಂಗಿಯ ಕಣ್ಣಲ್ಲಿ ಮಾತ್ರ ದೀಪ ಹಚ್ಚಿದ ಹಾಗಿತ್ತು. "ನೋಡಿದ್ಯಾ! ನೀನು ತಲೆ ಮೇಲೆ ಹೊತ್ಕೊಂಡು ಕುಣಿದವಳೇ ಇಳಿದು ಹೋದಳು. ಅವಳ ಮಾತು ಕೇಳಿ ಬೇಡ ಅಂದ್ಯಲ್ಲ, ಈಗ ಅವಳ ಮಾತೇ ಕೇಳು."

ಗೋಂದಕ್ಕ ಆ ಕಂತನ್ನು ಅವಳ ಕೈಯಿಂದ ಕಸಿದುಕೊಂಡಳು.

"ಭಾನುವಾರ ಇದನ್ನ ಬರೆದ ಕಾದಂಬರಿಕಾರರು ಪುಸ್ತಕದಂಗಡಿಗೆ ಬರ್ತಾರಂತಲ್ಲ," ಎಂದಳು ತಂಗಿ, ದನಿ ತಗ್ಗಿಸಿ. "ಭಾವನಿಗೂ ಅಲ್ಲಿಗೆ ಬನ್ನಿ ಅಂದಿದ್ದೀನಿ. ಮನೆಯಲ್ಲಾದ್ರೆ ನೀನು ಬಾಗಿಲು ತೆಗೆಯಲ್ಲ. ನಾಲ್ಕು ಜನರ ಮಧ್ಯೆ ಒಂದು ಮಾತಾಡು. ಆಮೇಲೆ ನೀನು ಏನಂದ್ರೂ ನಾನು ತುಟಿ ಬಿಚ್ಚಲ್ಲ. ಆಣೆ."

"ಬರಲಿ," ಎಂದಳು ಗೋಂದಕ್ಕ. ಭಾನುವಾರ ಏನು ಹೇಳಬೇಕೆಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಪುಸ್ತಕದಂಗಡಿಯವರು ಪ್ರತಿವರ್ಷ ಈ ಗುಂಪಿನ ಆಯ್ಕೆಯನ್ನು ತಮ್ಮ ಗಾಜಿನ ಕಪಾಟಿನಲ್ಲಿ ಒಂದು ಚೀಟಿ ಬರೆದು ಇಡುತ್ತಿದ್ದರು. ಈ ಸಲ ಅಂತಿಮ ಸುತ್ತಿನ ಲೇಖಕರೊಬ್ಬರೇ ಬರುತ್ತಾರೆಂದು ಕಪಾಟುಗಳನ್ನು ಗೋಡೆಗೆ ಸರಿಸಿ ಕುರ್ಚಿ ಹಾಕಿಸಿದ್ದರು. ಜನ ಚೆನ್ನಾಗಿಯೇ ಸೇರಿದ್ದರು. ಗಂಡ ಕೊನೆಯ ಸಾಲಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ತೊಡೆಯ ಮೇಲೆ ಎರಡೂ ಕೈ. ತೆಳ್ಳಗಾಗಿದ್ದ. ಅವಳನ್ನು ಕಂಡು ಅರ್ಧ ಎದ್ದು ಮತ್ತೆ ಕೂತ. ಗೋಂದಕ್ಕನಿಗೆ ಪಾಪ ಅನಿಸಿತು, ಸುಳ್ಳೇಕೆ ಹೇಳಬೇಕು. ತಂಗಿ ಅದನ್ನು ಗಮನಿಸಿ ಅಕ್ಕನ ಮೊಣಕೈ ಒತ್ತಿದಳು.

ಕಾದಂಬರಿಕಾರರು ಮೆದು ದನಿಯ, ಬಿಳಿ ಗಡ್ಡದ ಮನುಷ್ಯ. ಅವರು ಓದಲು ಆರಿಸಿಕೊಂಡದ್ದು ಬೇರೇನಲ್ಲ, ಅದೇ ಕೊನೆಯ ಭಾಗ. ಮೆಟ್ಟಿಲು, ಸೂಟ್‌ಕೇಸು, ಎರಡು ತಟ್ಟೆ. ಓದಿ ಮುಗಿಸಿದಾಗ ಮುಂದಿನ ಸಾಲಿನ ಇಬ್ಬರು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಿತ್ತು. ಪ್ರಶ್ನೆ ಕೇಳುವವರು ಕೇಳಬಹುದು ಎಂದರು ಅಂಗಡಿಯವರು. ಒಬ್ಬರು ಈ ಕಾದಂಬರಿಗೇ ಪ್ರಶಸ್ತಿ ಬರಬೇಕೆಂದರು. ಇನ್ನೊಬ್ಬರು ತಾವೂ ಬರೆಯುತ್ತೇವೆಂದು ಹೇಳಿ ಅದನ್ನೇ ಹೇಳುತ್ತ ಹೋದರು. ಅವರನ್ನು ಹೇಗೋ ಕೂರಿಸಿದ ಮೇಲೆ ಗೋಂದಕ್ಕ ಎದ್ದು ನಿಂತಳು. ಕೈಯಲ್ಲಿ ಎರಡು ಕಂತುಗಳು, ಹಸಿರು ಹೊದಿಸಿದ್ದು ಒಂದು, ಬರಿಮೈಯದ್ದು ಇನ್ನೊಂದು.

"ನಾನು ಬೈಂಡಿಂಗ್ ಕೆಲಸದವಳು ಸಾರ್. ನಾವು ನಾಲ್ಕು ಜನ ಸೇರಿ ಪುಸ್ತಕ ಕೊಯ್ದು ಓದ್ತೀವಿ. ನಿಮ್ಮದನ್ನ ಕೊಯ್ದಾಗ ಕೊನೇ ತುಂಡು ತಪ್ಪಿಹೋಗಿ ಒಳಚರಂಡಿ ಪ್ರಬಂಧದೊಳಗೆ ಸೇರ್ಕೊಂಡುಬಿಡ್ತು."

ಅಂಗಡಿ ತುಂಬ ನಗು. ಕಾದಂಬರಿಕಾರರೂ ನಕ್ಕರು, ಸ್ವಲ್ಪ ಕಷ್ಟಪಟ್ಟು.

"ಹಾಗಾಗಿ ನಾವು ಅವಳು ಚಿಲಕ ಹಾಕಿ ಊಟಕ್ಕೆ ಕೂರೋವರೆಗೆ ಓದಿ, ಅಲ್ಲಿಗೇ ಮುಗೀತು ಅಂದ್ಕೊಂಡ್ವಿ. ಆಮೇಲೆ ಮಿಕ್ಕಿದ್ದು ಸಿಕ್ತು. ಅದನ್ನ ಓದಿದಾಗ ನನಗೆ..."

"ಗೊತ್ತಾಯ್ತು, ಗೊತ್ತಾಯ್ತು," ಎಂದರು ಕಾದಂಬರಿಕಾರರು ಪ್ರೀತಿಯಿಂದ ಕೈ ಎತ್ತಿ. "ನೀವು ಕೇಳ್ತಿರೋದು ಏನಂದ್ರೆ..."

ಆ ಕೈ ಎತ್ತಿದ ರೀತಿ, ಆ ಮಾತು. ಗೋಂದಕ್ಕನ ಮೈಯೊಳಗೆ ವರ್ಷಗಳಿಂದ ಮಲಗಿದ್ದದ್ದೇನೋ ಎದ್ದು ಕೂತಿತು. ಭಯ ಎಲ್ಲಿ ಹೋಯಿತೋ ಅವಳಿಗೇ ತಿಳಿಯದು.

"ನಾನಿನ್ನೂ ಮುಗಿಸಿಲ್ಲ ಸಾರ್."

ದನಿ ಅವಳಂದುಕೊಂಡದ್ದಕ್ಕಿಂತ ಗಟ್ಟಿಯಾಗಿಯೇ ಬಂದಿತ್ತು.

"ನಾಲ್ಕು ಕಂತು ಅವಳು ಒಂದೊಂದೇ ಅಂಗಿ ಇಸ್ತ್ರಿ ಮಾಡಿ, ಒಂದೊಂದೇ ಸಾಮಾನು ಕೊಂಡು, ಆ ಕೋಣೆಯನ್ನ ತನ್ನದು ಮಾಡ್ಕೊಂಡಳು. ಅದನ್ನ ಅಷ್ಟು ಚೆನ್ನಾಗಿ ಬರೆದೋರು ನೀವೇ. ಅವಳು ಚಿಲಕ ಹಾಕಿದ್ದು ನನಗೆ ಕೇಳಿಸ್ತು. ಆದ್ರೆ ಆ ಚಿಲಕ ತೆಗೆದೋರು ಯಾರು? ಅವಳಲ್ಲ. ಅವಳ ಕೈ ಹಿಡಿದು ನೀವು ತೆಗೆಸಿದ್ರಿ. ತಪ್ಪು ನನ್ನದೂ ಇತ್ತು ಅಂತ ಅವಳ ಬಾಯಲ್ಲಿ ಹೇಳಿಸಿದ್ರಿ. ಯಾವ ತಪ್ಪು ಸಾರ್? ಮೊದಲಿಂದ ಹುಡುಕಿದೆ, ನನಗಂತೂ ಸಿಗಲಿಲ್ಲ."

"ಓದೋರಿಗೂ ಒಂದು ಸಮಾಧಾನ ಬೇಕಲ್ಲಮ್ಮ," ಎಂದರು ಕಾದಂಬರಿಕಾರರು. ನಗು ಮುಖದಿಂದ ಮಾಯವಾಗಿತ್ತು.

"ಯಾವ ಓದೋರಿಗೆ?"

"ನೋಡಿ, ಬರೆದವನು ನಾನು."

"ಹೌದು ಸಾರ್. ಓದಿದವಳು ನಾನು."

ಎಲ್ಲೋ ಒಂದಿಬ್ಬರು ಚಪ್ಪಾಳೆ ತಟ್ಟಿದರು, ಅದಕ್ಕಿಂತ ಹೆಚ್ಚು ಜನ ಹುಬ್ಬು ಗಂಟಿಕ್ಕಿದರು. ದೊಡ್ಡವರ ಹತ್ತಿರ ಹೀಗೆ ಮಾತಾಡುವುದೇ ಎಂದು ಯಾರೋ ಗೊಣಗಿದ್ದೂ ಕೇಳಿಸಿತು. ಅಷ್ಟರಲ್ಲಿ ಕೊನೆಯ ಸಾಲಿನಲ್ಲಿ ಕುರ್ಚಿ ಸದ್ದು ಮಾಡಿತು. ಗಂಡ ಎದ್ದು ನಿಂತಿದ್ದ. ಒಂದು ಕೈ ಮೇಲೆತ್ತಿ, ಇನ್ನೊಂದನ್ನು ಎದೆಯ ಮೇಲಿಟ್ಟುಕೊಂಡು ವಿನಯದಿಂದ ಬಾಗಿದ್ದ.

"ಕ್ಷಮಿಸಬೇಕು ಸಾರ್. ನಾನು ಇವಳ ಯಜಮಾನ. ಇವಳು ಸ್ವಲ್ಪ ಮುಂಗೋಪಿ. ಅವಳು ಹೇಳೋದು ಏನಂದ್ರೆ, ಪುಸ್ತಕ ತುಂಬಾ ಚೆನ್ನಾಗಿದೆ, ಕೊನೆಯೂ ಅವಳ ಮನಸ್ಸಿಗೆ ತಟ್ಟಿದೆ. ಹೇಳಕ್ಕೆ ಬರಲಿಲ್ಲ ಅಷ್ಟೇ."

ಗೋಂದಕ್ಕ ಅವನ ಕಡೆ ತಿರುಗಲಿಲ್ಲ. ತಂಗಿಯ ಮುಖ ನೋಡಿದಳು. ತಂಗಿ ಅಕ್ಕನ ಸಂಸಾರದಲ್ಲಿ ಆ ಮಾತನ್ನು ಎಷ್ಟೋ ಸಲ ಕೇಳಿದ್ದಳು, ಕೇಳಿ ನಕ್ಕಿದ್ದಳು ಕೂಡ, ಭಾವನಿಗೆ ಅಕ್ಕನ ಮೇಲೆ ಎಷ್ಟು ಕಾಳಜಿ ಎಂದು. ಈಗ ಅವಳು ನಗಲಿಲ್ಲ. ಅವಳ ಮುಖಕ್ಕೆ ರಕ್ತ ಏರಿತು, ಕಿವಿಯವರೆಗೆ ಕೆಂಪಾಯಿತು. ಅಕ್ಕ ಈಗಷ್ಟೇ ಏನು ಹೇಳಿದಳೆಂದು ಅವಳು ಕಿವಿಯಾರೆ ಕೇಳಿದ್ದಳು. ಅದು ಎರಡು ನಿಮಿಷವೂ ದಾಟುವ ಮೊದಲೇ ತಲೆಕೆಳಗಾಗಿ ಭಾವನ ಬಾಯಿಂದ ಹೊರಬಿದ್ದಿತ್ತು. ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಭಾವ, ಕೂತ್ಕೊಳ್ಳಿ," ಎಂದಳು. "ಅವಳಿನ್ನೂ ಮುಗಿಸಿಲ್ಲ."

ಅವನು ಬಾಯಿ ತೆರೆದ, ಮುಚ್ಚಿದ, ಸುತ್ತ ನೋಡಿದ. ಯಾರೂ ಅವನ ಪರವಾಗಿ ಮಾತು ಮುಗಿಸಲು ಬರಲಿಲ್ಲ. ಕೂತ.

ಗೋಂದಕ್ಕ ನಿಂತೇ ಕೊನೆಯವರೆಗೆ ಹೇಳಿದಳು. "ಐದು ಪುಸ್ತಕದಲ್ಲಿ ನನ್ನ ಓಟು ನಿಮ್ಮದಕ್ಕೇ ಸಾರ್. ಆದ್ರೆ ನಾಲ್ಕನೇ ಕಂತಿನವರೆಗೆ. ಇದನ್ನ ನೀವೇ ಇಟ್ಕೊಳ್ಳಿ." ಕುರ್ಚಿಗಳ ನಡುವೆ ನಡೆದು ಹೋಗಿ ಬರಿಮೈಯ ಕಂತನ್ನು ಅವರ ಮುಂದಿನ ಮೇಜಿನ ಮೇಲಿಟ್ಟಳು. ಆಮೇಲೆ ಕೊನೆಯ ಸಾಲಿನ ಕಡೆ ತಿರುಗಿದಳು. "ಕೇಳಿ ಕಳಿಸಿದವರಿಗೂ ಇದೇ ಉತ್ತರ. ನಾನು ಬರೋದಿಲ್ಲ. ಇದು ಯಾವ ಪುಸ್ತಕ ಓದಿ ಹೇಳ್ತಿರೋ ಮಾತೂ ಅಲ್ಲ."

ಕಪಾಟಿನ ಚೀಟಿಯಲ್ಲಿ ಆ ಮಾತನ್ನೇ ಬರೆಯಲು ಪುಸ್ತಕದಂಗಡಿಯವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ ಮೊದಲು. ಲೇಖಕರಿಗೆ ಬೇಸರವಾದರೆ ಎಂದು ಅವರ ಅಂಜಿಕೆ. ಡಾಕ್ಟರು ಅಂಗಡಿಯವರ ದವಡೆಗೆ ತಾವು ಕಟ್ಟಿಕೊಟ್ಟ ಹಲ್ಲಿನ ಬ್ರಿಜ್ಜಿನ ನೆನಪು ಮಾಡಿಕೊಟ್ಟ ಮೇಲೆ ದಾರಿಗೆ ಬಂದರು. ಡಾಕ್ಟರು ತಮ್ಮ ಓಟನ್ನೂ ನೀಲಿಯಿಂದ ಕಿತ್ತು ಹಸಿರಿಗೆ ಹಾಕಿದ್ದರು. ಈಗ ಊರೆಲ್ಲ ಗೋಂದಕ್ಕನ ತೀರ್ಪಿನ ವಿರುದ್ಧ ಮಾತಾಡುತ್ತಿದೆ, ಆದ್ದರಿಂದ ಹಾಕಬಹುದು ಎಂದು ಅವರ ನ್ಯಾಯ. ಗಾಜಿನ ಕಪಾಟಿನಲ್ಲಿ ಹಸಿರು ಪುಸ್ತಕ, ಕೆಳಗೆ ಚೀಟಿ: ಓದುಗರ ಆಯ್ಕೆ, ನಾಲ್ಕನೇ ಕಂತಿನವರೆಗೆ. ದಾರಿಹೋಕರು ನಿಂತು ಓದಿ, ಅರ್ಥವಾಗದೆ, ಒಳಗೆ ಬಂದು ಕೇಳಿ, ಕೇಳಿದ ಮೇಲೆ ಕೊಂಡುಕೊಂಡು ಹೋಗುತ್ತಿದ್ದರು. ಪ್ರಶಸ್ತಿ ಕೊನೆಗೆ ಸಿಕ್ಕಿದ್ದು ಎಲ್ಲರೂ ಯೋಚನೆ ಮಾಡುತ್ತ ಕೂರುವ ಕೆಂಪು ಪುಸ್ತಕಕ್ಕೆ. ಅದಕ್ಕೆ ಟೈಲರಣ್ಣ ಮೂಗು ಮುರಿದ.

ಪುಸ್ತಕದಂಗಡಿಗೆ ಹೋಗಿಬಂದ ವಾರವೇ ಒಂದು ಮಧ್ಯಾಹ್ನ ಅಕ್ಕ ತಂಗಿ ಬೈಂಡಿಂಗ್ ಮೇಜಿನ ಒಂದು ಮೂಲೆ ಖಾಲಿ ಮಾಡಿಕೊಂಡು ಊಟದ ಡಬ್ಬಿ ಬಿಚ್ಚಿದ್ದರು. ಹಸಿರು ಪುಸ್ತಕದ ನಾಲ್ಕು ಕಂತುಗಳು ಹೊಲಿಗೆ ಮುಗಿಸಿ, ಹೊಸ ರಟ್ಟು ಹೊದ್ದು, ಒತ್ತು ಹಲಗೆಯ ಅಡಿಯಲ್ಲಿ ಒಣಗುತ್ತಿದ್ದವು. ಭಾನುವಾರದ ನಂತರ ತಂಗಿ ಆ ಮಾತು ಎತ್ತಿರಲಿಲ್ಲ. ಅಕ್ಕನೂ ಕೆದಕಿರಲಿಲ್ಲ.

ಬಾಗಿಲ ಗಾಜಿನ ಆಚೆ ನೆರಳು ಬಿತ್ತು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಪುಸ್ತಕಗಳಿದ್ದವು, ಮೂಲೆಗಳು ಹೊರಗೆ ಚುಚ್ಚಿಕೊಂಡಿದ್ದವು. ಎಲ್ಲ ಹೊಸವು. ಅವಳಿಗೆ ಏನು ಬೇಕೆಂದು ಈ ಸಲವೂ ಅವನೇ ಆರಿಸಿ ತಂದಿದ್ದ. ಅವನು ಗಾಜನ್ನು ಮೆಲ್ಲಗೆ ಬೆರಳಿನಿಂದ ತಟ್ಟಿದ.

ಗೋಂದಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು. ಅವಳು ಏಳುವ ಮೊದಲೇ ತಂಗಿ ಎದ್ದಳು, ಎಡಗೈಯಿಂದ ಸೀರೆ ಸರಿಮಾಡಿಕೊಂಡು ಬಾಗಿಲಿಗೆ ಹೋದಳು. ಕೈ ಚಿಲಕದ ಮೇಲಿತ್ತು.

"ಊಟದ ಹೊತ್ತು ಭಾವ," ಎಂದಳು ತಂಗಿ ಗಾಜಿನ ಈಚೆಯಿಂದಲೇ.

ಚಿಲಕ ಹಾಕಿ ಬಂದು ಕೂತು, ಅಕ್ಕನ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, "ನಿನ್ನದರಲ್ಲಿ ಏನಿದೆ, ತೋರಿಸು," ಎಂದಳು.